ತಂಗಿಗೆ ಸಿಗದ ಶಾಲೆ, ಅಣ್ಣ ಹಾಕಿದ ಸಹಿ: ಜಾನ್ ಕೆನಡಿ ಬದುಕಿನ ಮರೆತ ಪುಟ

ಜಾನ್ ಎಫ್. ಕೆನಡಿ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮೂರೇ ಸಂಗತಿ. ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು, ಚಂದ್ರನ ಮೇಲೆ ಮನುಷ್ಯನನ್ನು ಇಳಿಸುವ ಯೋಜನೆ ಮತ್ತು ಡಲ್ಲಾಸ್ ನಗರದಲ್ಲಿ ಹಾರಿದ ಗುಂಡು. ಹೈಸ್ಕೂಲಿನ ಸಮಾಜ ಪಾಠದಲ್ಲಿ ನಾವು ಓದಿದ್ದೂ ಅಷ್ಟೇ. ಆದರೆ ಸಾಯುವುದಕ್ಕೆ 22 ದಿನ ಮೊದಲು ಈ ಅಧ್ಯಕ್ಷರು ಒಂದು ಕಾನೂನಿಗೆ ಸಹಿ ಹಾಕಿದ್ದರು. ಕಲಿಕೆಯಲ್ಲಿ ಹಿಂದುಳಿದ, ಕಿವಿ ಕೇಳದ, ಕಣ್ಣು ಕಾಣದ, ಮಾತು ತೊಡರುವ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರನ್ನು ತಯಾರು ಮಾಡಲು ಸರಕಾರದ ಬೊಕ್ಕಸದಿಂದ ಹಣ ಕೊಡುವ ಏರ್ಪಾಡು ಅದರಲ್ಲಿತ್ತು. ಆ ಸಹಿಯ ಹಿಂದೆ ಒಬ್ಬಳು ತಂಗಿ ಇದ್ದಳು. ದೇಶದ ಅತಿ ಶ್ರೀಮಂತ ಮನೆಗಳಲ್ಲೊಂದರಲ್ಲಿ ಹುಟ್ಟಿಯೂ ಆಕೆಗೆ ಸರಿಯಾದ ಶಾಲೆ ಸಿಕ್ಕಿರಲಿಲ್ಲ.

ಒಂಬತ್ತು ಮಕ್ಕಳ ಮನೆ

ಕೆನಡಿ ಹುಟ್ಟಿದ್ದು 1917ರ ಮೇ 29ರಂದು, ಮಸಾಚುಸೆಟ್ಸ್ ರಾಜ್ಯದ ಬ್ರೂಕ್‌ಲೈನ್‌ನಲ್ಲಿ. ತಂದೆ ಜೋಸೆಫ್ ಕೆನಡಿ ಷೇರು ಪೇಟೆಯಲ್ಲಿ, ಸಿನಿಮಾ ವ್ಯಾಪಾರದಲ್ಲಿ ಅಪಾರ ಹಣ ಮಾಡಿದವರು. ತಾಯಿ ರೋಸ್, ಬೋಸ್ಟನ್ ನಗರದ ಮೇಯರ್ ಆಗಿದ್ದವರ ಮಗಳು. ಐರಿಶ್ ಮೂಲದ ಕಟ್ಟಾ ಕ್ಯಾಥೊಲಿಕ್ ಮನೆತನ. ಒಂಬತ್ತು ಮಕ್ಕಳಲ್ಲಿ ಜೋ ಹಿರಿಯ. ಎರಡನೆಯವರು ಜಾನ್, ಮನೆಯವರ ಬಾಯಲ್ಲಿ ಜ್ಯಾಕ್.

ಮೂರನೆಯವಳು ರೋಸ್‌ಮೇರಿ. ಹುಟ್ಟಿದ್ದು 1918ರ ಸೆಪ್ಟೆಂಬರ್ 13ರಂದು. ಸ್ಪ್ಯಾನಿಷ್ ಜ್ವರ ಬೋಸ್ಟನ್ನನ್ನು ನುಂಗುತ್ತಿದ್ದ ದಿನಗಳವು, ಡಾಕ್ಟರುಗಳಿಗೆ ಬಿಡುವೇ ಇರಲಿಲ್ಲ. ಡಾಕ್ಟರು ತಲುಪುವ ತನಕ ಹೆರಿಗೆಯನ್ನು ತಡೆಹಿಡಿಯಲಾಯಿತು, ಮಗುವಿನ ಮೆದುಳಿಗೆ ಪೆಟ್ಟಾದದ್ದು ಅದರಿಂದಲೇ ಇರಬೇಕು ಎಂದು ಆ ಕುಟುಂಬದ ಚರಿತ್ರೆ ಬರೆದವರು ಹೇಳುತ್ತಾರೆ. ಮಗು ನೋಡಲು ಚೆಂದ, ಸ್ವಭಾವ ಸೌಮ್ಯ. ಆದರೆ ತೆವಳುವುದು, ನಡೆಯುವುದು, ಮಾತಾಡುವುದು ಎಲ್ಲವೂ ತಡ.

ಅದು ಪೈಪೋಟಿಯ ಮನೆ. ಊಟದ ಮೇಜಿನಲ್ಲಿ ರಾಜಕೀಯದ ಚರ್ಚೆ, ಹೊರಗೆ ಹೋದರೆ ದೋಣಿ ಓಟ, ಫುಟ್‌ಬಾಲ್. ಎರಡನೆಯ ಸ್ಥಾನ ಬಂದರೂ ತಂದೆಗೆ ಸಮಾಧಾನವಿಲ್ಲ. ಜ್ಯಾಕ್ ಸ್ವತಃ ರೋಗಿಷ್ಠ. ಮೂರು ವರ್ಷ ತುಂಬುವ ಮೊದಲೇ ಸ್ಕಾರ್ಲೆಟ್ ಜ್ವರ ಬಂದು ಸಾವಿನ ಬಾಗಿಲು ತಟ್ಟಿ ಬಂದವರು. ಆಮೇಲೂ ಹೊಟ್ಟೆ ನೋವು, ಬೆನ್ನು ನೋವು ಬೆನ್ನು ಬಿಡಲಿಲ್ಲ. ಹಾಸಿಗೆಯಲ್ಲಿ ಮಲಗಿ ಪುಸ್ತಕ ಓದುತ್ತಲೇ ಅವರ ಬಾಲ್ಯದ ಬಹುಪಾಲು ಕಳೆಯಿತು. ಓಟದಲ್ಲಿ ಹಿಂದೆ ಬೀಳುವುದು ಏನೆಂದು ಆ ಮನೆಯಲ್ಲಿ ರೋಸ್‌ಮೇರಿಯನ್ನು ಬಿಟ್ಟರೆ ಜ್ಯಾಕ್‌ಗೆ ಗೊತ್ತಿತ್ತು.

ಹಣವಿದ್ದೂ ಸಿಗದ ಶಾಲೆ

ರೋಸ್‌ಮೇರಿಯನ್ನು ಊರಿನ ಸಾರ್ವಜನಿಕ ಶಾಲೆಗೆ ಸೇರಿಸಿದರು. ಶಿಶುವಿಹಾರದಲ್ಲೇ ಎರಡು ಸಲ ಹಿಂದೆ ಉಳಿದಳು. ಆಕೆಗೆ ಏನು ಮಾಡಬೇಕೆಂದು ಟೀಚರುಗಳಿಗೂ ತಿಳಿದಿರಲಿಲ್ಲ, ಏಕೆಂದರೆ ಅವರಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ತಾಯಿ ರೋಸ್ ಡಾಕ್ಟರುಗಳ, ಮನಶ್ಶಾಸ್ತ್ರಜ್ಞರ ಬಾಗಿಲು ಅಲೆದರು. ಇಂತಹ ಮಕ್ಕಳನ್ನು ದೂರದ ಆಶ್ರಯಧಾಮಕ್ಕೆ ಸೇರಿಸಿ ಮರೆತುಬಿಡುವುದೇ ಆ ಕಾಲದ ರೂಢಿ. ಕೆನಡಿ ದಂಪತಿ ಅದಕ್ಕೆ ಒಪ್ಪಲಿಲ್ಲ. ಮನೆಯಲ್ಲೇ ಪಾಠ ಹೇಳಿಸಿದರು. 11ನೇ ವಯಸ್ಸಿನಲ್ಲಿ ಪೆನ್ಸಿಲ್ವೇನಿಯಾದ ಖಾಸಗಿ ಶಾಲೆಗೆ ಕಳಿಸಿದರು. ಅಲ್ಲಿಂದ ಮುಂದೆ ಒಂದು ಕಾನ್ವೆಂಟಿನಿಂದ ಇನ್ನೊಂದಕ್ಕೆ. ಹದಿಹರೆಯದಲ್ಲೂ ಆಕೆಯ ಓದು ಬರಹ ನಾಲ್ಕನೇ ತರಗತಿಯ ಮಟ್ಟದಲ್ಲೇ ನಿಂತಿತ್ತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಕೇಳಿದಷ್ಟು ಶುಲ್ಕ ಕೊಡಲು ತಂದೆ ತಯಾರಿದ್ದರು. ಆದರೂ ತಕ್ಕ ಶಾಲೆ ಸಿಗಲಿಲ್ಲ. ತರಬೇತಾದ ಶಿಕ್ಷಕರೇ ಇಲ್ಲದ ಕಡೆ ಹಣದ ಥೈಲಿ ಹಿಡಿದು ನಿಂತು ಪ್ರಯೋಜನವೇನು? ಶ್ರೀಮಂತರ ಮನೆಯ ಪಾಡೇ ಇದಾದರೆ ಕೂಲಿ ಮಾಡುವವರ ಮನೆಯ ಮಗುವಿನ ಗತಿಯನ್ನು ಊಹಿಸಬಹುದು.

1938ರಲ್ಲಿ ಜೋಸೆಫ್ ಕೆನಡಿ ಬ್ರಿಟನ್ನಿಗೆ ಅಮೆರಿಕದ ರಾಯಭಾರಿಯಾದರು. ಕುಟುಂಬ ಲಂಡನ್ನಿಗೆ ಹೋಯಿತು. ಆ ಮೇ ತಿಂಗಳಲ್ಲಿ ರೋಸ್‌ಮೇರಿ ಬಿಳಿ ಉಡುಪು ತೊಟ್ಟು ಅರಮನೆಯಲ್ಲಿ ದೊರೆ ಆರನೇ ಜಾರ್ಜ್ ಮತ್ತು ರಾಣಿಯ ಮುಂದೆ ತಲೆಬಾಗಿ ವಂದಿಸಿದಳು. ಅದಕ್ಕಿಂತ ದೊಡ್ಡ ಭಾಗ್ಯ ಆಕೆಗೆ ಇನ್ನೊಂದು ಕಡೆ ಕಾದಿತ್ತು. ಇಂಗ್ಲೆಂಡಿನಲ್ಲಿ ಕ್ರೈಸ್ತ ಸನ್ಯಾಸಿನಿಯರು ಮಾಂಟೆಸರಿ ಪದ್ಧತಿಯಲ್ಲಿ ನಡೆಸುತ್ತಿದ್ದ ಶಾಲೆಯೊಂದಕ್ಕೆ ಆಕೆಯನ್ನು ಸೇರಿಸಿದರು. ಕೈಯಿಂದ ಮುಟ್ಟಿ, ಜೋಡಿಸಿ, ತನ್ನದೇ ವೇಗದಲ್ಲಿ ಕಲಿಯುವ ವಿಧಾನ ಅಲ್ಲಿಯದು. ಚಿಕ್ಕ ಮಕ್ಕಳಿಗೆ ಕಥೆ ಓದಿ ಹೇಳುವ ಕೆಲಸವನ್ನೂ ಆಕೆಗೆ ವಹಿಸಿದರು. ಆಕೆಯ ಬದುಕಿನ ಅತ್ಯಂತ ಸುಖದ ದಿನಗಳು ಅವೇ ಎಂದು ಜೀವನಚರಿತ್ರೆಕಾರರು ಗುರುತಿಸಿದ್ದಾರೆ. ಅರಿತು ಕಲಿಸುವ ಟೀಚರ್ ಸಿಕ್ಕಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಎರಡನೇ ಮಹಾಯುದ್ಧ ಶುರುವಾಗಿತ್ತು. 1940ರಲ್ಲಿ ಆಕೆ ಅಮೆರಿಕಕ್ಕೆ ಮರಳಬೇಕಾಯಿತು. ಅಲ್ಲಿ ಅಂತಹ ಶಾಲೆ ಇರಲಿಲ್ಲ. ಕಲಿತದ್ದು ಜಾರಿಹೋಗತೊಡಗಿತು. ಸಿಟ್ಟು, ಹಟ, ರಾತ್ರಿ ಕಾನ್ವೆಂಟಿನಿಂದ ಹೊರಗೆ ಹೋಗಿಬಿಡುವುದು ಆರಂಭವಾಯಿತು. ಮಗಳಿಗೆ ಏನಾದರೂ ಆಗಿ ಮನೆತನದ ಮಾನ ಹೋದೀತು ಎಂದು ತಂದೆ ಹೆದರಿದರು. 1941ರ ನವೆಂಬರಿನಲ್ಲಿ, ತಾಯಿಗೂ ತಿಳಿಸದೆ, ವಾಷಿಂಗ್ಟನ್ನಿನಲ್ಲಿ ಮಗಳಿಗೆ ಲೊಬೊಟಮಿ ಎಂಬ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿಸಿದರು. ಅದು ಆಗ ಹೊಸತಾಗಿ ಬಂದ, ಬಹಳ ಹೆಸರು ಮಾಡುತ್ತಿದ್ದ ಚಿಕಿತ್ಸೆ. ಫಲ ಭೀಕರವಾಯಿತು. 23 ವರ್ಷದ ಯುವತಿ ನಡೆಯಲಾರದೆ, ಮಾತಾಡಲಾರದೆ, ಪುಟ್ಟ ಮಗುವಿನಂತಾದಳು. ನಡೆಯುವುದನ್ನು ಮತ್ತೆ ಕಲಿಯಬೇಕಾಯಿತು. ಮಾತು ಮಾತ್ರ ಮೊದಲಿನಂತೆ ಮರಳಲೇ ಇಲ್ಲ. 1949ರಿಂದ ವಿಸ್ಕಾನ್ಸಿನ್ ರಾಜ್ಯದ ಸೇಂಟ್ ಕೊಲೆಟಾ ಎಂಬ ಸಂಸ್ಥೆಯೇ ಆಕೆಯ ಮನೆಯಾಯಿತು. ಮನೆಯಲ್ಲಿ ಆಕೆಯ ಹೆಸರು ಎತ್ತುವುದೇ ನಿಂತುಹೋಯಿತು.

ಯುದ್ಧ ಮತ್ತು ರಾಜಕೀಯ

ಈ ಹೊತ್ತಿಗೆ ಜ್ಯಾಕ್ 1940ರಲ್ಲಿ ಹಾರ್ವರ್ಡ್ ಪದವಿ ಮುಗಿಸಿ ನೌಕಾಪಡೆ ಸೇರಿದ್ದರು. 1943ರ ಆಗಸ್ಟ್ 2ರಂದು ಸೊಲೊಮನ್ ದ್ವೀಪಗಳ ಬಳಿ ಅವರ ದೋಣಿ ಪಿಟಿ-109ಕ್ಕೆ ಜಪಾನಿನ ಯುದ್ಧನೌಕೆ ಬಡಿದು ಎರಡು ತುಂಡಾಯಿತು. 13 ಮಂದಿಯಲ್ಲಿ ಇಬ್ಬರು ಸತ್ತರು. ಸುಟ್ಟಗಾಯವಾಗಿದ್ದ ಸಂಗಡಿಗನ ಜೀವರಕ್ಷಕ ಅಂಗಿಯ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೆನಡಿ ಗಂಟೆಗಟ್ಟಲೆ ಈಜಿ ದ್ವೀಪ ಸೇರಿಸಿದರು. ಮುಂದಿನ ವರ್ಷ ಅಣ್ಣ ಜೋ ವಿಮಾನ ಸ್ಫೋಟದಲ್ಲಿ ತೀರಿಕೊಂಡ. ಹಿರಿಯ ಮಗ ಅಧ್ಯಕ್ಷನಾಗಬೇಕೆಂದು ತಂದೆ ಕಟ್ಟಿದ್ದ ಕನಸು ಎರಡನೆಯವನ ಹೆಗಲಿಗೆ ಬಂತು.

1946ರಲ್ಲಿ ಕೆನಡಿ ಪ್ರತಿನಿಧಿ ಸಭೆಗೆ ಗೆದ್ದರು. ಅದೇ ವರ್ಷ ಸತ್ತ ಮಗನ ಹೆಸರಿನಲ್ಲಿ ಕುಟುಂಬ ಒಂದು ಪ್ರತಿಷ್ಠಾನ ಸ್ಥಾಪಿಸಿತು. ಕಾಲಕ್ರಮೇಣ ಅದರ ಹಣವೆಲ್ಲ ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ಕಡೆಗೆ ತಿರುಗಿತು. ತಿರುಗಿಸಿದವಳು ರೋಸ್‌ಮೇರಿಗೆ ಬಾಲ್ಯದಿಂದಲೂ ಜೊತೆಯಾಗಿದ್ದ ತಂಗಿ ಯೂನಿಸ್. ದೇಶದ ಆಶ್ರಯಧಾಮಗಳನ್ನು ಸುತ್ತಿ ನೋಡಿದ ಆಕೆಗೆ ಒಂದು ವಿಷಯ ಸ್ಪಷ್ಟವಾಯಿತು. ಒಂದು ಮನೆತನದ ದಾನದಿಂದ ಈ ಕೆಲಸ ಮುಗಿಯುವುದಿಲ್ಲ, ಸರಕಾರವೇ ಕೈ ಹಾಕಬೇಕು.

1952ರಲ್ಲಿ ಕೆನಡಿ ಸೆನೆಟರ್ ಆದರು. 1953ರಲ್ಲಿ ಜ್ಯಾಕ್ವೆಲಿನ್ ಬೂವಿಯೆ ಜೊತೆ ಮದುವೆ. 1954ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಸಾವಿನ ಅಂಚಿಗೆ ಹೋಗಿ ಬಂದರು. ಆ ಬಿಡುವಿನಲ್ಲಿ ರೂಪುಗೊಂಡ ಪುಸ್ತಕಕ್ಕೆ 1957ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. 1960ರ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್ ಅವರನ್ನು ಕೂದಲೆಳೆಯ ಅಂತರದಲ್ಲಿ ಸೋಲಿಸಿ 43ನೇ ವಯಸ್ಸಿನಲ್ಲಿ ಅಧ್ಯಕ್ಷರಾದರು. ಆ ಚುನಾವಣೆಯ ಹೊತ್ತಿಗೂ ರೋಸ್‌ಮೇರಿಯ ಸತ್ಯ ಹೊರಬರಲಿಲ್ಲ. ಬಾಲ್ಯದಲ್ಲಿ ಮೆದುಳು ಜ್ವರ ಬಂದಿತ್ತೆಂಬ ಕಾರಣ ಪತ್ರಿಕೆಗಳಿಗೆ ಹೋಯಿತು. ಕೆನಡಿಯವರನ್ನು ಹೊಗಳುವಾಗ ಈ ಮೌನವನ್ನು ಮರೆಯುವಂತಿಲ್ಲ.

ಸೋತ ಮಸೂದೆ, ಬೇರೆ ದಾರಿ

ಮುಂದಿನದು ಅರ್ಥವಾಗಬೇಕಾದರೆ ಅಮೆರಿಕದ ಶಾಲೆಗಳ ಹಣದ ಲೆಕ್ಕ ಸ್ವಲ್ಪ ತಿಳಿದಿರಬೇಕು. ಅಲ್ಲಿಯ ಸಾರ್ವಜನಿಕ ಶಾಲೆಗಳನ್ನು ನಡೆಸುವುದು ಆಯಾ ಊರಿನ ಶಾಲಾ ಆಡಳಿತ. ಹಣ ಬರುವುದು ಮುಖ್ಯವಾಗಿ ಊರವರ ಮನೆ, ಜಮೀನಿನ ಮೇಲಿನ ತೆರಿಗೆಯಿಂದ ಮತ್ತು ರಾಜ್ಯ ಸರಕಾರದಿಂದ. ಕೇಂದ್ರದ ಪಾಲು ಆಗ ತೀರಾ ಕಡಿಮೆ. ವಿಶೇಷ ಗಮನ ಬೇಕಾದ ಮಗುವಿಗೆ ಚಿಕ್ಕ ತರಗತಿ, ಬೇರೆ ಟೀಚರ್, ವಾಹನ ಎಲ್ಲವೂ ಬೇಕು, ಖರ್ಚು ಹೆಚ್ಚು. ಬಡ ಊರುಗಳು ಕೈಚೆಲ್ಲುತ್ತಿದ್ದವು. ಕಲಿಯಲು ಅಯೋಗ್ಯವೆಂದು ಷರಾ ಬರೆದು ಮಗುವನ್ನು ಹೊರಗಿಡಲು ಹಲವು ರಾಜ್ಯಗಳ ಕಾನೂನೇ ಅವಕಾಶ ಕೊಡುತ್ತಿತ್ತು.

1961ರಲ್ಲಿ ಕೆನಡಿ ಸಾರ್ವಜನಿಕ ಶಾಲೆಗಳ ಕಟ್ಟಡ ಮತ್ತು ಶಿಕ್ಷಕರ ಸಂಬಳಕ್ಕೆ ಕೇಂದ್ರದಿಂದ ದೊಡ್ಡ ಮೊತ್ತ ಕೊಡುವ ಮಸೂದೆ ತಂದರು. ಚರ್ಚುಗಳ ಶಾಲೆಗಳಿಗೂ ಪಾಲು ಬೇಕೆಂದು ಅವರದೇ ಕ್ಯಾಥೊಲಿಕ್ ಸಮುದಾಯದವರು ಪಟ್ಟು ಹಿಡಿದರು. ಸಂವಿಧಾನ ಒಪ್ಪದೆಂದು ಕೆನಡಿ ನಿರಾಕರಿಸಿದರು. ಕರಿಯ ಬಿಳಿಯ ಮಕ್ಕಳನ್ನು ಒಟ್ಟಿಗೆ ಕೂರಿಸಬೇಕಾದೀತೆಂದು ದಕ್ಷಿಣ ರಾಜ್ಯಗಳವರು ಕೇಂದ್ರದ ಹಣಕ್ಕೇ ಹೆದರಿದರು. ಪ್ರತಿನಿಧಿ ಸಭೆಯ ನಿಯಮ ಸಮಿತಿಯಲ್ಲಿ 8-7 ಮತಗಳಿಂದ ಮಸೂದೆ ಬಿದ್ದುಹೋಯಿತು. ಒಂದು ಮತದ ಸೋಲು.

ಹೆದ್ದಾರಿ ಮುಚ್ಚಿದಾಗ ಒಳದಾರಿ ಹಿಡಿಯಬೇಕಾಗುತ್ತದೆ. ಎಲ್ಲ ಶಾಲೆಗಳಿಗೆ ಹಣವೆಂದರೆ ಜಗಳ. ಆದರೆ ಅಂಗವಿಕಲ ಮಕ್ಕಳ ಟೀಚರುಗಳ ತರಬೇತಿಗೆ ಹಣವೆಂದರೆ ಎದುರು ಮಾತಾಡುವವರು ಕಡಿಮೆ. ಬುದ್ಧಿಮಾಂದ್ಯ ಮಕ್ಕಳ ಶಿಕ್ಷಕರನ್ನು ತಯಾರು ಮಾಡುವವರ ತರಬೇತಿಗೆ 1958ರಲ್ಲೇ ಐಸೆನ್‌ಹೋವರ್ ಕಾಲದಲ್ಲಿ ಒಂದು ಪುಟ್ಟ ಕಾನೂನು ಬಂದಿತ್ತು. 1961ರ ಸೆಪ್ಟೆಂಬರಿನಲ್ಲಿ ಕಿವುಡ ಮಕ್ಕಳ ಶಿಕ್ಷಕರ ತರಬೇತಿಗೆ ಹಣ ನೀಡುವ ಕಾನೂನಿಗೆ ಕೆನಡಿ ಸಹಿ ಹಾಕಿದರು. ಅಕ್ಟೋಬರಿನಲ್ಲಿ ವೈದ್ಯರು, ಶಿಕ್ಷಣ ತಜ್ಞರು, ವಿಜ್ಞಾನಿಗಳನ್ನು ಸೇರಿಸಿ ಬೌದ್ಧಿಕ ಅಂಗವೈಕಲ್ಯದ ಬಗ್ಗೆ ರಾಷ್ಟ್ರೀಯ ಯೋಜನೆ ರೂಪಿಸಲು ಸಮಿತಿ ನೇಮಿಸಿದರು. ಅದರ ಬೆನ್ನ ಹಿಂದೆ ನಿಂತು ನೂಕುತ್ತಿದ್ದವಳು ಯೂನಿಸ್. ತಂಗಿಯ ಕಾಟದಿಂದ ಅಣ್ಣನಿಗೆ ಬಿಡುಗಡೆಯೇ ಇರಲಿಲ್ಲ ಎನ್ನಬೇಕು.

ಆ ಡಿಸೆಂಬರಿನಲ್ಲಿ ತಂದೆಗೆ ಪಾರ್ಶ್ವವಾಯು ಬಡಿಯಿತು. ಮನೆಯವರ ಬಾಯಿ ಕಟ್ಟಿಹಾಕಿದ್ದ ಹಿರಿಯರು ತಾವೇ ಮಾತು ಕಳೆದುಕೊಂಡರು. 1962ರ ಸೆಪ್ಟೆಂಬರಿನಲ್ಲಿ, ಅಧ್ಯಕ್ಷ ಅಣ್ಣನ ಒಪ್ಪಿಗೆ ಪಡೆದು, ಯೂನಿಸ್ ಒಂದು ಜನಪ್ರಿಯ ವಾರಪತ್ರಿಕೆಯಲ್ಲಿ ಅಕ್ಕನ ಬಗ್ಗೆ ಬರೆದಳು. ಶಸ್ತ್ರಚಿಕಿತ್ಸೆಯ ಮಾತು ಅದರಲ್ಲಿರಲಿಲ್ಲ, ಅದು ವಿವರವಾಗಿ ಹೊರಬಂದದ್ದು 1980ರ ದಶಕದಲ್ಲಿ. ಆದರೂ ಅಧ್ಯಕ್ಷರ ಮನೆಯಲ್ಲೂ ಇಂತಹ ಮಗುವಿದೆ ಎಂದು ಓದಿದಾಗ, ಸಾವಿರಾರು ಮನೆಗಳ ಕೋಣೆಯ ಬಾಗಿಲು ತುಸು ತೆರೆಯಿತು. ನಾಚಿಕೆ ಅರ್ಧ ಇಳಿದರೆ ಹಕ್ಕು ಕೇಳುವ ಧೈರ್ಯ ತಾನಾಗಿ ಬರುತ್ತದೆ.

ಕೊನೆಯ ವರ್ಷ

ಸಮಿತಿಯ ವರದಿ ಬಂದದ್ದು 1962ರ ಅಕ್ಟೋಬರಿನಲ್ಲಿ. ಜಗತ್ತು ಅಣುಯುದ್ಧದ ಅಂಚಿನಲ್ಲಿ ನಿಂತಿದ್ದ ಅದೇ ತಿಂಗಳು. ಅಂತಹ ಹೊತ್ತಿನಲ್ಲಿ ಬಂದ ವರದಿ ಕಪಾಟು ಸೇರಿದ್ದರೆ ಯಾರೂ ಕೇಳುತ್ತಿರಲಿಲ್ಲ. ಸೇರಲಿಲ್ಲ. 1963ರ ಫೆಬ್ರವರಿ 5ರಂದು ಕೆನಡಿ ಮಾನಸಿಕ ರೋಗ ಮತ್ತು ಬೌದ್ಧಿಕ ಅಂಗವೈಕಲ್ಯದ ವಿಷಯವನ್ನೇ ಮುಂದಿಟ್ಟು ಸಂಸತ್ತಿಗೆ ವಿಶೇಷ ಸಂದೇಶ ಕಳಿಸಿದರು. ಈ ಮಕ್ಕಳು ದೂರದ ಗೋಡೆಗಳ ಹಿಂದೆ ಅಲ್ಲ, ತಮ್ಮ ಊರಿನಲ್ಲೇ ಬೆಳೆಯಬೇಕು, ಅದಕ್ಕೆ ಸಂಶೋಧನೆ, ಚಿಕಿತ್ಸೆ, ಶಿಕ್ಷಣ ಮೂರಕ್ಕೂ ಸರಕಾರ ಹಣ ಹಾಕಬೇಕು ಎಂಬುದು ಅದರ ಸಾರ.

ಆ ಆಗಸ್ಟಿನಲ್ಲಿ ಕೆನಡಿ ದಂಪತಿಗೆ ದಿನ ತುಂಬದೆ ಹುಟ್ಟಿದ ಗಂಡು ಮಗು ಪ್ಯಾಟ್ರಿಕ್ ಎರಡೇ ದಿನ ಬದುಕಿ ತೀರಿಕೊಂಡಿತು. ಅಕ್ಟೋಬರ್ 24ರಂದು ಬಸುರಿ, ಬಾಣಂತಿ, ಶಿಶುಗಳ ಆರೈಕೆಗೆ ಹಣ ಹೆಚ್ಚಿಸಿ ಹುಟ್ಟಿನಲ್ಲೇ ಬರುವ ಅಂಗವೈಕಲ್ಯ ತಡೆಯುವ ಕಾನೂನಿಗೆ ಸಹಿ ಹಾಕುವಾಗ ಆ ತಂದೆಯ ಮನಸ್ಸಿನಲ್ಲಿ ಏನಿತ್ತೋ! ಒಂದು ವಾರ ಕಳೆದು ಅಕ್ಟೋಬರ್ 31ರಂದು ಇನ್ನೊಂದು ಸಹಿ. ಒಟ್ಟು ಸುಮಾರು 33 ಕೋಟಿ ಡಾಲರಿನ ಈ ಕಾನೂನಿನಲ್ಲಿ ಕಟ್ಟಡಗಳ ಜೊತೆಗೆ ಶಿಕ್ಷಕರ ತರಬೇತಿಯ ಭಾಗವೂ ಇತ್ತು. ಹಿಂದೆ ಎರಡು ಬಗೆಯ ಮಕ್ಕಳ ಶಿಕ್ಷಕರಿಗಷ್ಟೇ ಇದ್ದ ನೆರವು ಈಗ ಕಣ್ಣು ಕಾಣದ, ಕಿವಿ ಮಂದವಾದ, ಮಾತಿನ ತೊಂದರೆಯ, ಕೈಕಾಲು ಊನವಾದ, ಮಾನಸಿಕ ತಳಮಳದ ಮಕ್ಕಳ ಶಿಕ್ಷಕರಿಗೂ ವಿಸ್ತರಿಸಿತು. ಕಲಿಸುವ ವಿಧಾನಗಳ ಸಂಶೋಧನೆಗೂ ಹಣ ಸಿಕ್ಕಿತು. ಕೇಂದ್ರ ಶಿಕ್ಷಣ ಕಚೇರಿಯಲ್ಲಿ ಈ ಮಕ್ಕಳಿಗೆಂದೇ ಒಂದು ವಿಭಾಗ ತೆರೆದು ಶಿಕ್ಷಣ ತಜ್ಞ ಸ್ಯಾಮ್ಯುಯೆಲ್ ಕರ್ಕ್ ಅವರನ್ನು ತಂದು ಕೂರಿಸಿದರು.

ನವೆಂಬರ್ 22ರಂದು ಡಲ್ಲಾಸಿನಲ್ಲಿ ಗುಂಡು ಹಾರಿತು. ಕೆನಡಿಗೆ ಆಗ 46 ವರ್ಷ.

ಸತ್ತ ಮೇಲೆ ಬೆಳೆದದ್ದು

ಟೀಚರುಗಳು ತಯಾರಾಗತೊಡಗಿದ ಮೇಲೆ ತರಗತಿಗಳೂ ಬರಬೇಕಲ್ಲವೇ? ಉತ್ತರಾಧಿಕಾರಿ ಲಿಂಡನ್ ಜಾನ್ಸನ್ 1965ರಲ್ಲಿ ಶಾಲೆಗಳಿಗೆ ಕೇಂದ್ರದ ಹಣ ಹರಿಯುವ ದೊಡ್ಡ ಕಾನೂನು ತಂದರು. 1966ರಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣಕ್ಕೆಂದೇ ರಾಜ್ಯಗಳಿಗೆ ಅನುದಾನ ಶುರುವಾಯಿತು. 1972ರಲ್ಲಿ ಪೆನ್ಸಿಲ್ವೇನಿಯಾ ಮತ್ತು ವಾಷಿಂಗ್ಟನ್ ನಗರದ ಹೆತ್ತವರು ಕೋರ್ಟಿಗೆ ಹೋಗಿ ಗೆದ್ದರು. ಹಣವಿಲ್ಲ ಎಂಬ ಕಾರಣಕ್ಕೆ ಈ ಮಕ್ಕಳನ್ನು ಮಾತ್ರ ಹೊರಗಿಡುವಂತಿಲ್ಲ ಎಂದು ವಾಷಿಂಗ್ಟನ್ ಪ್ರಕರಣದಲ್ಲಿ ತೀರ್ಮಾನವಾಯಿತು. ಕೊನೆಗೆ 1975ರ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾನೂನು, ಪ್ರತಿಯೊಬ್ಬ ಅಂಗವಿಕಲ ಮಗುವಿಗೂ ಸಾರ್ವಜನಿಕ ಶಾಲೆಯಲ್ಲಿ ಉಚಿತವಾಗಿ, ತಕ್ಕುದಾದ ಶಿಕ್ಷಣವನ್ನು ಹಕ್ಕಾಗಿಸಿತು. ಹತ್ತು ಲಕ್ಷ ಮಕ್ಕಳು ಸಾರ್ವಜನಿಕ ಶಾಲೆಯಿಂದ ಪೂರ್ತಿ ಹೊರಗಿದ್ದಾರೆಂದು ಆ ಕಾನೂನಿನಲ್ಲೇ ಸಂಸತ್ತು ದಾಖಲಿಸಿತ್ತು. ಇತ್ತೀಚಿನ ವರ್ಷಗಳಲ್ಲಿ ಅದರ ಆಸರೆಯಲ್ಲಿ ಕಲಿಯುವ ಮಕ್ಕಳ ಸಂಖ್ಯೆ 75 ಲಕ್ಷದ ಹತ್ತಿರ ಬಂದಿದೆ.

ಆದರೆ ಕೊಟ್ಟ ಮಾತೆಲ್ಲ ನಡೆದಿಲ್ಲ. ಒಬ್ಬ ವಿದ್ಯಾರ್ಥಿಗೆ ದೇಶದಲ್ಲಿ ಸರಾಸರಿ ಆಗುವ ಖರ್ಚಿನ ಶೇ. 40ರಷ್ಟನ್ನು ಪ್ರತಿ ಅಂಗವಿಕಲ ಮಗುವಿನ ಲೆಕ್ಕದಲ್ಲಿ ಕೇಂದ್ರ ಕೊಡುವುದೆಂದು 1975ರಲ್ಲಿ ಗುರಿ ಇಟ್ಟಿದ್ದರು. 2009ರ ಆರ್ಥಿಕ ಪರಿಹಾರದ ವಿಶೇಷ ಹಣವನ್ನು ಬಿಟ್ಟರೆ, ಬೇರೆ ಯಾವ ವರ್ಷವೂ ಅದರ ಅರ್ಧ ಕೂಡ ತಲುಪಿಲ್ಲ. ಉಳಿದ ಭಾರ ರಾಜ್ಯಗಳ ಮೇಲೆ, ಊರಿನ ಶಾಲೆಗಳ ಮೇಲೆ. ಹಕ್ಕು ಕಾಗದದಲ್ಲಿ ಪೂರ್ತಿ ಇದೆ, ಹಣ ಮಾತ್ರ ಕಂತಿನಲ್ಲಿ. ಜಗತ್ತಿನ ಶ್ರೀಮಂತ ದೇಶದ ಕಥೆಯೂ ಇಷ್ಟೇ.

ಅಣ್ಣ ಸತ್ತ ಮೇಲೆ ರೋಸ್‌ಮೇರಿ 41 ವರ್ಷ ಬದುಕಿದಳು. 2005ರ ಜನವರಿ 7ರಂದು, 86ನೇ ವಯಸ್ಸಿನಲ್ಲಿ ಕಣ್ಣು ಮುಚ್ಚಿದಳು. ತನ್ನ ಹೆಸರಿನ ನೆರಳಿನಲ್ಲಿ ಎಷ್ಟು ಶಾಲೆಗಳ ಬಾಗಿಲು ತೆರೆಯಿತೆಂದು ಆಕೆಗೆ ತಿಳಿದಿತ್ತೋ ಇಲ್ಲವೋ.

ನಮ್ಮ ಕಡೆ

ಈ ಕಥೆ ನಮಗೇಕೆ ಎಂದು ಕೇಳುವವರು ಕಾಸರಗೋಡಿನಲ್ಲಿ ಇರಲಾರರು. ಗೇರು ತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಿದ ಪಂಚಾಯತುಗಳಲ್ಲಿ ಒಳಕೋಣೆಯಲ್ಲಿ ಮಲಗಿದ್ದ ಮಕ್ಕಳನ್ನು ನಾವು ಕಂಡಿದ್ದೇವೆ. ಆ ಮಕ್ಕಳಿಗೆ ಪಂಚಾಯತು ನಡೆಸುವ ಬಡ್ಸ್ ಶಾಲೆಗಳು ಬಂದದ್ದನ್ನೂ ಕಂಡಿದ್ದೇವೆ. ಅಂಗವಿಕಲರ ಹಕ್ಕುಗಳ 2016ರ ಕಾನೂನು 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಇಂತಹ ಮಗುವೊಂದಕ್ಕೆ ವರ್ಷಕ್ಕೆ 3,500 ರೂಪಾಯಿವರೆಗೆ ನಿಗದಿಯಾಯಿತು. ತಿಂಗಳಿಗೆ ಹಾಕಿದರೆ ಮುನ್ನೂರು ರೂಪಾಯಿಯೂ ಬೀಳುವುದಿಲ್ಲ. ವಿಶೇಷ ಟೀಚರಿನ ಸಂಬಳದ ಲೆಕ್ಕ ಬೇರೆ ಇದೆ, ನಿಜ. ಆದರೆ ಆ ಟೀಚರಿಗೆ ಕನ್ನಡ ಬರುತ್ತದೆಯೇ, ತುಳು ಮಾತ್ರ ಗೊತ್ತಿರುವ ಮಗುವಿನ ಜೊತೆ ಮಾತಾಡಬಲ್ಲರೇ ಎಂಬುದು ನಮ್ಮ ಗಡಿಯವರು ಕೇಳಲೇಬೇಕಾದ ಪ್ರಶ್ನೆ.

ಕೆನಡಿಯವರ ಬದುಕಿನ ಈ ಪುಟದಿಂದ ತಿಳಿಯುವುದು ಇಷ್ಟು. ಕನಿಕರ ಮನೆಯಲ್ಲಿ ಹುಟ್ಟುತ್ತದೆ, ಆದರೆ ಶಾಲೆ ನಡೆಯುವುದು ಬಜೆಟಿನಲ್ಲಿ. ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ನೀರು, ದಾರಿದೀಪದ ಜೊತೆಗೆ ಬಡ್ಸ್ ಶಾಲೆಯ ಟೀಚರಿನ ಸಂಬಳ, ವ್ಯಾನಿನ ಡೀಸೆಲ್ ಯಾವ ಲೆಕ್ಕದಲ್ಲಿ ಬಂದಿದೆ ಎಂದೂ ಒಮ್ಮೆ ಎದ್ದು ಕೇಳಿ. ನಿಮ್ಮ ಮನೆಯಲ್ಲಿ ಅಂತಹ ಮಗು ಇಲ್ಲದಿದ್ದರೂ ಕೇಳಿ.